ಸೇಂಟ್ ಲೂಯಿ: ನದಿಯ ನಡುಗಡ್ಡೆಯ ನಗರಕ್ಕೆ ಹೊರಡುವ ಮುನ್ನ

ಮಕ್ಕಳ ಓದು, ಮನೆಯ ಸಾಲ, ಊರಿನ ಜಮೀನಿನ ತಕರಾರು ಇವೆಲ್ಲ ಒಂದು ದಡ ಮುಟ್ಟಿದ ಮೇಲೆ ನಮ್ಮ ಮಹಾನಗರಗಳ ಕನ್ನಡ ಕುಟುಂಬಗಳಲ್ಲಿ ವಿದೇಶ ಪ್ರವಾಸದ ಮಾತು ಆರಂಭವಾಗುತ್ತದೆ. ಸಿಂಗಾಪುರ, ದುಬೈ ಹಾಗೂ ಯುರೋಪಿನ ಹತ್ತು ದಿನಗಳ ಓಟ ಮುಗಿದವರು ಆಫ್ರಿಕಾ ಎಂದೊಡನೆ ಕೀನ್ಯಾದ ಸಿಂಹಗಳನ್ನು ನೆನೆಯುತ್ತಾರೆ. ಆ ಖಂಡದ ಪಶ್ಚಿಮ ತುದಿಯತ್ತ ಕಣ್ಣು ಹಾಯಿಸುವವರು ವಿರಳ. ಸೆನೆಗಲ್ ದೇಶದ ಸೇಂಟ್ ಲೂಯಿ ನಗರವನ್ನು ನೋಡಬೇಕೆಂಬ ಆಸೆಯುಳ್ಳವರಿಗೆ, ಅಲ್ಲಿಗೆ ಯಾವಾಗ, ಹೇಗೆ, ಏನನ್ನು ಅರಿತು ಹೋಗಬೇಕೆಂಬುದನ್ನು ಇಲ್ಲಿ ತಿಳಿಸಲು ಬಯಸುತ್ತೇವೆ.

ನದಿಯ ನಡುವಿನ ಚಾರಿತ್ರಿಕ ಪಟ್ಟಣವೆಂದರೆ ನಮಗೆ ಶ್ರೀರಂಗಪಟ್ಟಣ ನೆನಪಾಗುವುದು ಸಹಜ. ಆದರೆ ಸೇಂಟ್ ಲೂಯಿಯ ನೆಲೆಯೇ ಬೇರೆ. ಸೆನೆಗಲ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವೆಡೆಯಲ್ಲಿ, ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ, ನಾನೂರು ಮೀಟರಿನಷ್ಟೂ ಅಗಲವಿಲ್ಲದ ಒಂದು ನಡುಗಡ್ಡೆ. ಅದರ ಪೂರ್ವಕ್ಕೆ ನದಿಯ ದೊಡ್ಡ ಕವಲು, ಅದರಾಚೆ ಒಳನಾಡು. ಪಶ್ಚಿಮಕ್ಕೆ ನದಿಯ ಸಣ್ಣ ಕವಲು, ಅದರಾಚೆ 'ಲಾಂಗ್ ದ ಬಾರ್ಬರಿ' ಎಂಬ ಕಿರಿದಾದ ಮರಳಿನ ಪಟ್ಟಿ, ಅದರಾಚೆ ಸಾಗರ. ಸ್ಥಳೀಯರ ವೊಲೋಫ್ ಭಾಷೆಯಲ್ಲಿ ಊರಿನ ಹೆಸರು ನ್‌ದಾರ್.

ಫ್ರೆಂಚರು 1659ರಲ್ಲಿ ಇಲ್ಲಿ ಕೋಟೆ ಕಟ್ಟಿ ವ್ಯಾಪಾರಕ್ಕೆ ಕುಳಿತರು. 1758ರಲ್ಲಿ, ನಮ್ಮ ಪುದುಚೇರಿಯೂ ಸಿಲುಕಿದ್ದ ಏಳು ವರ್ಷಗಳ ಯುದ್ಧದ ಕಾಲದಲ್ಲಿ, ಊರು ಆಂಗ್ಲರ ವಶವಾಯಿತು. ಮುಂದೆ ಒಂದೆರಡು ಬಾರಿ ಕೈ ಬದಲಾಯಿಸಿ ಕಡೆಗೆ ಫ್ರೆಂಚರಲ್ಲೇ ಉಳಿಯಿತು. 1895ರಿಂದ 1902ರವರೆಗೆ ಇಡೀ ಫ್ರೆಂಚ್ ಪಶ್ಚಿಮ ಆಫ್ರಿಕಾದ ರಾಜಧಾನಿ ಇದೇ ಆಗಿತ್ತು. ಬಳಿಕ ಆ ಪಟ್ಟ ಡಾಕರ್ ನಗರಕ್ಕೆ ಹೋಯಿತು. ಅಧಿಕಾರ ಹೋದುದರಿಂದಲೇ ಹಳೆಯ ಊರು ಉಳಿಯಿತೆನ್ನಬಹುದು. ಬಣ್ಣ ಮಾಸಿದ ಗೋಡೆ, ಮರದ ಉಪ್ಪರಿಗೆ, ಕಬ್ಬಿಣದ ಸರಳಿನ ಮೊಗಸಾಲೆಗಳುಳ್ಳ ಆ ಮನೆಗಳನ್ನು ಕೆಡವಿ ಗಗನಚುಂಬಿ ಕಟ್ಟುವ ಹಣ ಅಲ್ಲಿಗೆ ಬರಲಿಲ್ಲ. 2000ರಲ್ಲಿ ಯುನೆಸ್ಕೊ ನಡುಗಡ್ಡೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿನ ವ್ಯಾಪಾರದ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ನದಿಯ ಮೇಲ್ದಂಡೆಯ ಮರುಭೂಮಿಯಂಚಿನಲ್ಲಿ ಜಾಲಿ ಜಾತಿಯ ಮರಗಳಿಂದ ಗೋಂದು ದೊರೆಯುತ್ತಿತ್ತು. ಯುರೋಪಿನ ಬಟ್ಟೆ ಗಿರಣಿಗಳಿಗೆ ಅದು ಬೇಕೇ ಬೇಕಾಗಿತ್ತು. ಆದರೆ ಗೋಂದು ಮಾರುವ ಮೂರ್ ವರ್ತಕರು ಅದಕ್ಕೆ ಪ್ರತಿಯಾಗಿ ಕೇಳುತ್ತಿದ್ದುದು ನಾಣ್ಯವನ್ನಲ್ಲ, ಪುದುಚೇರಿಯಿಂದ ಬರುವ ನೀಲಿ ಹತ್ತಿ ಬಟ್ಟೆಯನ್ನು. 'ಗೀನೆ' ಎಂದು ಹೆಸರಾದ, ನೀಲಿಯಲ್ಲಿ ಅದ್ದಿ ತೆಗೆದ ಆ ಬಟ್ಟೆಯ ಥಾನೇ ನದಿಯುದ್ದಕ್ಕೂ ಹಣದಂತೆ ಚಲಾವಣೆಯಲ್ಲಿತ್ತು. ಫ್ರಾನ್ಸಿನ ರುವಾಂ ನಗರದ ಗಿರಣಿಗಳು ಅಂಥದೇ ಬಟ್ಟೆಯನ್ನು ನೇಯ್ದು ಕಳಿಸಿದಾಗ, ವರ್ತಕರು ಅದನ್ನು ಮುಟ್ಟಿ, ಮೂಸಿ, ಇದು ಹಿಂದೂಸ್ಥಾನದ್ದಲ್ಲವೆಂದು ಬದಿಗಿಡುತ್ತಿದ್ದರು. ಚೆನ್ನೈಯ ನಮ್ಮ ಬಂಧುಗಳು ವಾರಾಂತ್ಯಕ್ಕೆ ಹೋಗಿ ಬರುವ ಪುದುಚೇರಿಯ ಬಣ್ಣದ ಮಡುಗಳಿಗೂ ಸಹಾರಾದ ಅಂಚಿಗೂ ಹೀಗೊಂದು ನಂಟು ಇತ್ತೆಂಬುದು ಪಠ್ಯಪುಸ್ತಕಗಳಲ್ಲಿ ಸಿಗುವ ಸಂಗತಿಯಲ್ಲ.

ಈ ವ್ಯಾಪಾರಕ್ಕೆ ಇನ್ನೊಂದು ಮುಖವೂ ಇತ್ತು. ಗೋಂದಿನ ಜೊತೆಗೆ ಮನುಷ್ಯರನ್ನೂ ಇಲ್ಲಿಂದ ಹಡಗೇರಿಸುತ್ತಿದ್ದರು. ಯುರೋಪಿನ ವರ್ತಕರ ಸಂಗಾತಿಗಳಾಗಿ, ಸ್ವತಃ ದೊಡ್ಡ ವ್ಯಾಪಾರಿಗಳಾಗಿ ಬೆಳೆದ 'ಸಿನ್ಯಾರ್' ಎಂಬ ಮಹಿಳೆಯರ ಒಡವೆ, ಉಡುಗೆ, ಮನೆಗಳನ್ನು ಮಾರ್ಗದರ್ಶಕರು ಬಾಯ್ತುಂಬ ಬಣ್ಣಿಸುತ್ತಾರೆ. ಅವರ ಮನೆಗಳಲ್ಲಿ ದಾಸರೂ ಇದ್ದರು. ಫ್ರೆಂಚ್ ವಸಾಹತುಗಳಲ್ಲಿ ದಾಸ್ಯ ರದ್ದಾದುದು 1848ರಲ್ಲಿ. ಉಪ್ಪರಿಗೆಯ ಚೆಲುವನ್ನು ನೋಡಿದವರು ಕೆಳಗಿನ ಅಂಗಳದ ಕತ್ತಲೆಯ ಕೋಣೆಗಳಲ್ಲಿ ಯಾರು ಇರುತ್ತಿದ್ದರೆಂದೂ ಕೇಳಬೇಕು. ಇಷ್ಟನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇನ್ನು ಸಿದ್ಧತೆಯ ವಿಷಯ. ವಿಮಾನದ ಟಿಕೆಟಿಗಿಂತ ಮೊದಲು ಯೋಚಿಸಬೇಕಾದುದು ಹಳದಿ ಜ್ವರದ ಲಸಿಕೆಯನ್ನು. ಸೆನೆಗಲ್ ಈ ಜ್ವರದ ಅಪಾಯವಿರುವ ದೇಶಗಳಲ್ಲೊಂದು. ಅಲ್ಲಿಂದ ಮರಳುವವರ ಬಳಿ ಸಿಂಧುವಾದ ಲಸಿಕೆ ಪ್ರಮಾಣಪತ್ರವಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ನಿಯಮವಿದೆ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುತ್ತದೆ. ಹೊರಡುವ ಹಿಂದಿನ ದಿನ ಹಾಕಿಸಿಕೊಂಡು ಪ್ರಯೋಜನವಿಲ್ಲ. ಒಮ್ಮೆ ಪಡೆದರೆ ಜೀವನಪರ್ಯಂತ ಸಾಕು. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕಿಸಬೇಕು. ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಗಮನಿಸಿರಿ: 60 ದಾಟಿದವರು, ಗರ್ಭಿಣಿಯರು, ಎಳೆಯ ಕೂಸುಗಳು, ಮೊಟ್ಟೆಯ ಅಲರ್ಜಿ ಇರುವವರು ಹಾಗೂ ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯದಲ್ಲಿ ವೈದ್ಯರ ಸಲಹೆಯಿಲ್ಲದೆ ಮುಂದುವರಿಯಬಾರದು. ಲಸಿಕೆ ಬೇಡವೆಂದು ವೈದ್ಯರು ಹೇಳಿದರೆ, ಅವರ ಪತ್ರವೊಂದನ್ನೇ ನಂಬಿ ಹೊರಡದೆ, ಮರಳುವಾಗ ಏನಾಗುವುದೆಂದು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಲ್ಲಿ ಮೊದಲೇ ವಿಚಾರಿಸಬೇಕು. ಮಲೇರಿಯಾದ ಮಾತ್ರೆಗಳ ಬಗೆಗೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಬಹುದು. ವೀಸಾ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ದೆಹಲಿಯಲ್ಲಿರುವ ಸೆನೆಗಲ್ ರಾಯಭಾರ ಕಚೇರಿಯನ್ನು ಸಂಪರ್ಕಿಸಿಯೇ ಟಿಕೆಟ್ ಕೊಳ್ಳತಕ್ಕದ್ದು.

ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಮಳೆಯಿಲ್ಲ, ಸೆಕೆ ಕಡಿಮೆ, ಹಕ್ಕಿಗಳೂ ಬಂದಿರುತ್ತವೆ. ಜುಲೈಯಿಂದ ಅಕ್ಟೋಬರ್ ಮಳೆಗಾಲ. ಸೆಪ್ಟೆಂಬರ್ 5ರಂದು ಊರು ಜನರಿಂದ ಕಿಕ್ಕಿರಿಯುತ್ತದೆ. 1895ರಲ್ಲಿ ಇಲ್ಲಿನ ಗವರ್ನರನ ಎದುರು ನಿಂತು, ಬಳಿಕ ಗಡೀಪಾರಾದ ಸಂತ ಅಮಾದು ಬಾಂಬಾ ಅವರ ಸ್ಮರಣೆಯ ದಿನವದು. ಸಂಗೀತಪ್ರಿಯರು ಮೇ ತಿಂಗಳ ಆಸುಪಾಸಿನ ಜಾಜ್ ಉತ್ಸವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕೋಣೆಗಳನ್ನು ಮಾತ್ರ ಬಹು ಮುಂಚಿತವಾಗಿ ಕಾದಿರಿಸಬೇಕು.

ಮುಂಬೈ ಅಥವಾ ದೆಹಲಿಯಿಂದ ಅಡಿಸ್ ಅಬಾಬಾ, ದುಬೈ ಇಲ್ಲವೆ ಇಸ್ತಾಂಬುಲ್ ಮಾರ್ಗವಾಗಿ ಡಾಕರ್ ತಲಪಬಹುದು. 2017ರ ಡಿಸೆಂಬರಿನಲ್ಲಿ ತೆರೆದ ಅಲ್ಲಿನ ವಿಮಾನ ನಿಲ್ದಾಣಕ್ಕೆ, 1914ರಲ್ಲಿ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದ ಬ್ಲೇಸ್ ಜಾನ್ಯ ಅವರ ಹೆಸರಿದೆ. ನಿಲ್ದಾಣವು ಡಾಕರಿನಿಂದ ದೂರದಲ್ಲಿರುವುದರಿಂದ, ನಗರದೊಳಗೆ ಹೋಗದೆಯೇ ಸೇಂಟ್ ಲೂಯಿಯತ್ತ ಹೊರಡಬಹುದು. ಸುಮಾರು 250 ಕಿಲೋಮೀಟರ್ ರಸ್ತೆ, ನಾಲ್ಕು ಗಂಟೆಗೆ ಕಡಿಮೆಯಿಲ್ಲ. ಏಳು ಆಸನಗಳ ಹಳೆಯ ಪೆಜೋ ಟ್ಯಾಕ್ಸಿಗಳು ಅಗ್ಗವಾದರೂ, ಮಂಡಿನೋವಿನ ಹಿರಿಯರಿದ್ದರೆ ಕಾರು ಗೊತ್ತುಮಾಡಿಕೊಳ್ಳುವುದೇ ಲೇಸು. ಚಲಾವಣೆಯಲ್ಲಿರುವುದು ಸಿಎಫ್‌ಎ ಫ್ರಾಂಕ್. ಅದರ ಬೆಲೆಯನ್ನು ಯೂರೋಗೆ ಕಟ್ಟಿಹಾಕಿರುವುದರಿಂದ ಯೂರೋ ಒಯ್ದರೆ ಸುಲಭ. ಇಂಗ್ಲಿಷ್ ಬಲ್ಲವರು ಕಡಿಮೆ. ನಾಲ್ಕು ಫ್ರೆಂಚ್ ಮಾತುಗಳು ಬಾಯಿಪಾಠವಿರಲಿ.

ವಸತಿಯನ್ನು ನಡುಗಡ್ಡೆಯ ಮೇಲೆಯೇ ಮಾಡಬೇಕು. ಹಳೆಯ ಮನೆಗಳೇ ಹಲವು ಈಗ ತಂಗುದಾಣಗಳಾಗಿವೆ. ಮೂರು ರಾತ್ರಿಗಳಾದರೂ ಬೇಕು. ಊರೆಲ್ಲ ಕಾಲ್ನಡಿಗೆಗೆ ಎಟಕುವಂಥದು. ಮುಂಬೈಯಲ್ಲಿ ಕಣ್ಮರೆಯಾದ ಕುದುರೆಗಾಡಿ ಅಲ್ಲಿ ಇನ್ನೂ ಓಡುತ್ತಿದೆ. ಒಳನಾಡಿನಿಂದ ನಡುಗಡ್ಡೆಗೆ ಬರುವ ಫೇಡೆರ್ಬ್ ಸೇತುವೆ 1897ರದು, ಐನೂರು ಮೀಟರಿಗೂ ಮಿಕ್ಕಿದ ಉಕ್ಕಿನ ಕಮಾನುಗಳ ಸಾಲು. ಹಡಗು ಹಾಯಲೆಂದು ಅದರ ಒಂದು ಭಾಗ ತಿರುಗುತ್ತದೆ. ಇದನ್ನು ಐಫೆಲ್ ಡ್ಯಾನ್ಯೂಬ್ ನದಿಗೆಂದು ಕಟ್ಟಿದ್ದು, ತಪ್ಪಿ ಇಲ್ಲಿಗೆ ಬಂತು ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಥೆ ಸೊಗಸಾಗಿದೆ, ನಿಜವಲ್ಲ. ಗವರ್ನರ್ ಫೇಡೆರ್ಬನ ಪ್ರತಿಮೆಯಿದ್ದ ಚೌಕದಿಂದ 2020ರಲ್ಲಿ ಅದನ್ನು ತೆಗೆಯಲಾಗಿದೆ; ಚೌಕಕ್ಕೆ ಈಗ ಬಾಯಾ ನ್‌ದಾರ್ ಎಂಬ ಹೆಸರು. ಹಳೆಯ ಮಾರ್ಗದರ್ಶಿ ಪುಸ್ತಕ ಹಿಡಿದು ಹೋದವರು ಪ್ರತಿಮೆ ಹುಡುಕಿ ಬಳಲಬಾರದು.

ಮರಳಿನ ಪಟ್ಟಿಯ ಮೇಲಿರುವ ಗೆಟ್ ನ್‌ದಾರ್ ಮೀನುಗಾರರ ಕೇರಿಗೆ ಸಣ್ಣ ಸೇತುವೆಯೊಂದನ್ನು ದಾಟಿ ಹೋಗಬೇಕು. ಹೋಗುವ ಮುನ್ನ ಅಲ್ಲಿಯವರ ಕಷ್ಟವನ್ನು ತಿಳಿದಿರುವುದು ಅವಶ್ಯ. 2003ರ ಅಕ್ಟೋಬರಿನಲ್ಲಿ ನದಿಗೆ ಪ್ರವಾಹ ಬಂದು ನಗರ ಮುಳುಗುವ ಭಯವುಂಟಾದಾಗ, ಊರಿನ ದಕ್ಷಿಣಕ್ಕೆ ಮರಳಿನ ಪಟ್ಟಿಯನ್ನು ಕಡಿದು, ಬರಿಯ 4 ಮೀಟರ್ ಅಗಲದ ಕಾಲುವೆ ತೋಡಿದರು. ನದಿಯ ನೀರೇನೋ ಇಳಿಯಿತು. ಆದರೆ ಆ ಬಾಯಿ ದಿನದಿನಕ್ಕೆ ಅಗಲವಾಗಿ, ವರ್ಷಗಳಲ್ಲಿ ಕಿಲೋಮೀಟರುಗಟ್ಟಲೆ ತೆರೆದುಕೊಂಡಿತು. ಕಡಲು ಒಳನುಗ್ಗಿ ಡೂನ್ ಬಾಬಾ ಜೇಯ್ ಎಂಬ ಹಳ್ಳಿಯನ್ನೇ ನುಂಗಿತು. ಉಪ್ಪುನೀರು ತೋಟಗಳನ್ನು ಕೆಡಿಸಿತು. ಇತ್ತ ಗೆಟ್ ನ್‌ದಾರ್‌ನ ಕಡಲಂಚಿನ ಮನೆಗಳು 2017 ಹಾಗೂ 2018ರ ಅಲೆಗಳಿಗೆ ಸಾಲಾಗಿ ಕುಸಿದವು. ವಿಶ್ವಬ್ಯಾಂಕಿನ ನೆರವಿನಿಂದ ಸಾವಿರಾರು ಜನರಿಗೆ ಒಳನಾಡಿನ ಜುಗೋಪ್ ಎಂಬಲ್ಲಿ ನೆಲೆ ಕಲ್ಪಿಸುವ ಕೆಲಸ ನಡೆದಿದೆ. ಆದರೆ ದೋಣಿಯನ್ನು ಇಲ್ಲಿ ಬಿಟ್ಟು ಮನೆಯನ್ನು ಕಿಲೋಮೀಟರುಗಳಾಚೆ ಇಟ್ಟುಕೊಂಡ ಮೀನುಗಾರನ ಪಾಡೇನು? ಸಾಲದೆಂಬಂತೆ, 2025ರಲ್ಲಿ ರಫ್ತು ಆರಂಭಿಸಿದ ಕಡಲಾಚೆಯ ಅನಿಲ ಯೋಜನೆಯಿಂದ ಮೀನು ಸಿಗುವ ಜಾಗವೇ ಕೈತಪ್ಪಿತೆಂಬ ಅಳಲೂ ಅವರದು. ಬಣ್ಣ ಬಳಿದ ಉದ್ದನೆಯ ದೋಣಿಗಳು ದಡಕ್ಕೆ ಬರುವ ಹೊತ್ತು ಅದ್ಭುತವಾಗಿರುತ್ತದೆ, ನಿಜ. ಆದರೆ ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬೇಡಿ. ಕೇರಿಯವರೇ ಆದ ಒಬ್ಬರನ್ನು ಜೊತೆಗೆ ಕರೆದುಕೊಂಡು, ಅವರಿಗೆ ತಕ್ಕ ಸಂಭಾವನೆ ಕೊಟ್ಟು ಹೋಗುವುದು ಸರಿಯಾದ ಕ್ರಮ.

ಒಂದು ದಿನವನ್ನು ಜುಜ್ ಪಕ್ಷಿಧಾಮಕ್ಕೆ ಮೀಸಲಿಡಿ. ಸುಮಾರು 60 ಕಿಲೋಮೀಟರ್ ದೂರ, 16,000 ಹೆಕ್ಟೇರ್ ವಿಸ್ತಾರ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ಮರದ ಮೇಲೆ ಕಂಡವರು ಇಲ್ಲಿ ಅವುಗಳ ಬಿಳಿಯ ಬಂಧುಗಳು ಸಾವಿರಗಟ್ಟಲೆ ನೆಲದ ಮೇಲೆಯೇ ಗೂಡು ಮಾಡಿ ಕುಳಿತಿರುವುದನ್ನು ದೋಣಿಯಿಂದ ನೋಡಬಹುದು. ಬೆಳಗಿನ ಜಾವವೇ ಹೊರಡಬೇಕು. ಮೂಗಿಗೆ ಕರವಸ್ತ್ರವಿರಲಿ.

ಊಟದ ಚಿಂತೆ ನಮ್ಮಲ್ಲಿ ಅನೇಕರಿಗೆ ದೊಡ್ಡದು. ಊರಿನ ಹೆಮ್ಮೆಯ ಅಡುಗೆ 'ಚೆಬು ಜೆನ್', ಅಂದರೆ ಮೀನಿನನ್ನ. 2021ರಲ್ಲಿ ಯುನೆಸ್ಕೊ ಅದನ್ನೂ ಪರಂಪರೆಯೆಂದು ಮನ್ನಿಸಿದೆ. ಅದಕ್ಕೆ ಬಳಸುವುದು ಇಡಿಯಕ್ಕಿಯನ್ನಲ್ಲ, ನುಚ್ಚನ್ನು. ನಮ್ಮಲ್ಲಿ ಕಡಿಮೆ ದರದ್ದೆಂದು ಬದಿಗಿಡುವ ನುಚ್ಚಕ್ಕಿಯನ್ನು ಅವರು ಮೆಚ್ಚಿ ಆರಿಸಿಕೊಳ್ಳುತ್ತಾರೆ. ಅದರಲ್ಲಿ ಬಹುಪಾಲು ಭಾರತದಿಂದಲೇ ಹೋಗುತ್ತಿದ್ದುದರಿಂದ, 2022ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ನುಚ್ಚಿನ ರಫ್ತನ್ನು ತಡೆದಾಗ ಸೆನೆಗಲ್ಲಿನ ಅಡುಗೆಮನೆಗಳಿಗೆ ಅದರ ಬಿಸಿ ತಟ್ಟಿತು. 2025ರ ಮಾರ್ಚಿನಲ್ಲಿ ಆ ತಡೆ ತೆರವಾಯಿತು. ಸಸ್ಯಾಹಾರಿಗಳು 'ಸಾಂ ವಿಯಾಂದ್, ಸಾಂ ಪ್ವಾಸೊಂ', ಮಾಂಸ ಬೇಡ, ಮೀನೂ ಬೇಡ, ಎಂದು ಹೇಳಿ, ಸಾರಿನಲ್ಲಿಯೂ ಬೇಡವೆಂದು ಮತ್ತೊಮ್ಮೆ ಸ್ಪಷ್ಟಪಡಿಸಬೇಕು. ತುಂಡನ್ನು ಎತ್ತಿಟ್ಟರೆ ಸಸ್ಯಾಹಾರವಾಯಿತೆಂದು ಅಡುಗೆಯವರು ನಂಬಿರುವುದುಂಟು. ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ ಧಾರಾಳ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳ ಸಣ್ಣ ಗಂಟು ಪೆಟ್ಟಿಗೆಯಲ್ಲಿದ್ದರೆ ನಷ್ಟವೇನಿಲ್ಲ.

ಮರಳುವ ದಿನ ಲಸಿಕೆಯ ಹಳದಿ ಪುಸ್ತಿಕೆಯನ್ನು ಆ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಇಲ್ಲಿ ವಿಮಾನವಿಳಿದಾಗ ಸಾಮಾನು ಕೈಗೆ ಬರುವ ಮೊದಲೇ ಅದನ್ನು ತೋರಿಸಬೇಕಾಗುತ್ತದೆ. ಪಾಸ್‌ಪೋರ್ಟಿನ ಜೊತೆಯಲ್ಲಿ ಕೈಚೀಲದಲ್ಲಿರಲಿ.