ತನ್ನವರು ಮತ್ತು ಪರರು: ಸದ್ಗುಣದ ಅಳತೆ

ಪ್ರಶ್ನೆ: ಹೆತ್ತವರನ್ನು ಸಲಹಬೇಕೆಂದು ಸಿಂಗಪುರದಲ್ಲಿ ಕಾನೂನೇ ಇದೆಯಂತೆ. ಸದ್ಗುಣವಂತನಿಗೆ ತನ್ನವರು, ಪರರು ಎಂಬ ಭೇದ ಇರಬಹುದೇ?

ಉತ್ತರ: ನಡತೆಯನ್ನು ನಿಯಮದಿಂದಾಗಲಿ ಫಲದಿಂದಾಗಲಿ ಅಳೆಯದೆ ವ್ಯಕ್ತಿಯ ಗುಣಸ್ವಭಾವದಿಂದ ಅಳೆಯುವ ಸದ್ಗುಣ ನೀತಿಶಾಸ್ತ್ರವು ಸಾಮಾನ್ಯವಾಗಿ ಈ ಭೇದವನ್ನು ದೋಷವೆಂದು ಎಣಿಸುವುದಿಲ್ಲ. ಪ್ರಾಚೀನ ಚೀನಾದ ಮೋತ್ಸು ಎಲ್ಲರಲ್ಲೂ ಸಮಾನ ಕಾಳಜಿ ಇರಬೇಕೆಂದರೆ, ಕನ್‌ಫ್ಯೂಷಿಯಸ್ ಪರಂಪರೆಯ ಮೆನ್ಷಿಯಸ್ ಅದನ್ನು ಖಂಡಿಸಿ, ಪ್ರೀತಿಯು ಮನೆಯಲ್ಲಿ ಬೇರೂರಿ ಹೊರಗೆ ಹಬ್ಬಬೇಕೆಂದನು. ಆದರೂ ಬಾವಿಗೆ ಬೀಳಲಿರುವ ಅನ್ಯರ ಮಗುವನ್ನು ಕಂಡು ಮರುಗದವನು ಮನುಷ್ಯನೇ ಅಲ್ಲವೆಂಬುದೂ ಅವನದೇ ವಾದ. ಸಿಂಗಪುರವು 1995ರಲ್ಲಿ ಅಂಗೀಕರಿಸಿದ ಪಾಲಕರ ಪೋಷಣಾ ಕಾಯ್ದೆಯು, ಸ್ವಂತ ಬಲದಿಂದ ಬದುಕಲಾಗದ, 60 ವರ್ಷ ತುಂಬಿದ ಹೆತ್ತವರಿಗೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ನೀಡುತ್ತದೆಯಾದರೂ, ಮಕ್ಕಳನ್ನು ತೊರೆದವರ ಅಥವಾ ಹಿಂಸಿಸಿದವರ ಕೋರಿಕೆಯನ್ನು ನ್ಯಾಯಮಂಡಳಿ ತಳ್ಳಿಹಾಕಬಹುದು. ರಕ್ತಸಂಬಂಧದ ಜೊತೆಗೆ ಬಾಳಿದ ಸಂಬಂಧವನ್ನೂ ತೂಗುವ ಈ ವಿನಾಯಿತಿಯೇ ಕಾಯ್ದೆಯ ಅತ್ಯಂತ ವಿವೇಕದ ಭಾಗ.