ಹಳೆಯ ಸ್ವಚ್ಛ ವಾಹಿನಿಯ ಬಾಳಿಕೆ: ಸದಸ್ಯರು ಗಮನಿಸಬೇಕಾದ ಅಂಶಗಳು



ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ಮನೆಮನೆಯ ಮುಂದೆ ನಿಂತು ನಿಂತು ಸಾಗುವ ವಾಹನ. ಕ್ರಮಿಸಿದ ದೂರ ಕಡಿಮೆಯಿದ್ದರೂ ಅದರ ಎಂಜಿನ್, ಕ್ಲಚ್ ಹಾಗೂ ಬ್ರೇಕುಗಳು ಹೆಚ್ಚು ಸವೆಯುತ್ತವೆ. ಆದುದರಿಂದ ಸರ್ವಿಸಿನ ಅವಧಿಯನ್ನು ಕಿಲೋಮೀಟರಿನಿಂದ ಮಾತ್ರವಲ್ಲದೆ ತಿಂಗಳಿನಿಂದಲೂ ಎಣಿಸಿ, ಯಾವುದು ಮೊದಲು ಬರುವುದೋ ಆಗಲೇ ಮಾಡಿಸತಕ್ಕದ್ದು.

ಪ್ರತಿದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಆಯಿಲ್ ಹಾಗೂ ಕೂಲೆಂಟ್ ಮಟ್ಟವನ್ನು ಪರಿಶೀಲಿಸಬೇಕು. ಕೂಲೆಂಟಿಗೆ ಬದಲಾಗಿ ಕೊಳವೆಬಾವಿಯ ನೀರನ್ನು ತುಂಬುವುದು ಸಲ್ಲದು. ಗಡಸು ನೀರಿನ ಲವಣಗಳು ರೇಡಿಯೇಟರಿನಲ್ಲಿ ಪದರಗಟ್ಟಿ ಎಂಜಿನ್ ಅತಿಯಾಗಿ ಕಾಯುತ್ತದೆ. ಹಸಿ ಕಸದಿಂದ ಒಸರುವ ರಸವು ತಗಡಿಗೆ ತುಕ್ಕು ಹಿಡಿಸುವುದರಿಂದ ತೊಟ್ಟಿಯನ್ನೂ ಚಾಸಿಯನ್ನೂ ಅಂದಂದೇ ತೊಳೆಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಗುಣ ಕಳೆದುಕೊಳ್ಳುವುದರಿಂದ ಅದನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಇದನ್ನು ಮುಂದೂಡಿದರೆ ಅಪಾಯಕ್ಕೆ ಗುರಿಯಾಗುವವರು ನಮ್ಮ ಚಾಲಕಿಯರು ಹಾಗೂ ಬೀದಿಯಲ್ಲಿ ಆಡುವ ಮಕ್ಕಳು.

ವಾಹನ ನಿಂತರೂ ಕಸ ನಿಲ್ಲದು. ಅದು ಚರಂಡಿಗೆ ಸೇರುತ್ತದೆ. ಚಾಲಕಿಯು ಲಾಗ್ ಪುಸ್ತಕದಲ್ಲಿ ಬರೆದ ದೋಷಗಳನ್ನು ಪಂಚಾಯಿತಿ ಸಭೆಯಲ್ಲಿ ಓದಿಸಿ, ಅವು ಚಿಕ್ಕದಾಗಿರುವಾಗಲೇ ದುರಸ್ತಿಗೆ ಅನುಮೋದನೆ ನೀಡಬೇಕೆಂದು ಕೋರಿದೆ.