ಬೆನ್ನುಹುರಿಯ ಪೆಟ್ಟು ಮತ್ತು ಕಾಲಿನ ಕ್ಯಾಲಿಪರ್

"ಸಾರ್, ನಮ್ಮ ಹುಡುಗ ಮತ್ತೆ ನಡೀತಾನಾ?" ಬೆನ್ನುಹುರಿಗೆ ಪೆಟ್ಟಾದವನ ಮನೆಯವರು ವೈದ್ಯರನ್ನು ಮೊದಲು ಕೇಳುವ ಪ್ರಶ್ನೆ ಇದು. ಅನೇಕ ಮನೆಗಳಲ್ಲಿ ವರ್ಷಗಳ ತನಕ ಕೇಳುವ ಪ್ರಶ್ನೆಯೂ ಇದೊಂದೇ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿಯ ನಡುವೆ ಇರುವ ಸೂಲಿಬೆಲೆಯಂಥ ಹೋಬಳಿಯಲ್ಲಿ ಇಂಥ ಆಪತ್ತಿಗೆ ದಾರಿಗಳು ಹಲವು. ತೆಂಗಿನ ಮರದಿಂದಲೋ ಹುಣಿಸೆಯ ಕೊಂಬೆಯಿಂದಲೋ ಜಾರಬಹುದು, ಕಟ್ಟಡದ ಸಾರುವೆಯಿಂದ ಬೀಳಬಹುದು, ರಾತ್ರಿ ಹೆದ್ದಾರಿಯಲ್ಲಿ ಬೈಕು ಉರುಳಬಹುದು. ಬೀಳುವುದು ಒಂದು ಕ್ಷಣ. ಅದರ ಮುಂದಿನ ಬಾಳು ಹಲವು ದಶಕ.

ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಕಳೆದ ಮೇಲೆ ಯಾರಾದರೂ "ಕ್ಯಾಲಿಪರ್ ಹಾಕಿದರೆ ನಿಲ್ಲಬಹುದು" ಎಂದರೆ, ಮನೆಯವರ ಕಿವಿಗೆ ಅದು "ಗುಣವಾಗುತ್ತಾನೆ" ಎಂದು ಕೇಳಿಸುತ್ತದೆ. ಇವೆರಡೂ ಬೇರೆ ಬೇರೆ ಮಾತುಗಳು. ಇವನ್ನು ಒಂದೆಂದು ಬಗೆದ ಕುಟುಂಬಗಳು ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳುವುದುಂಟು. ಆದಕಾರಣ ಈ ಸಾಧನದ ಸ್ವರೂಪವನ್ನು ನಾವು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮಿದುಳಿನ ಆಜ್ಞೆಯನ್ನು ಕಾಲಿಗೂ, ಕಾಲಿನ ಸ್ಪರ್ಶವನ್ನು ಮಿದುಳಿಗೂ ಒಯ್ಯುವ ಹಾದಿಯೇ ಬೆನ್ನುಹುರಿ. ಆ ಹಾದಿ ಎಲ್ಲಿ ಕಡಿದಿದೆಯೋ ಅದರ ಕೆಳಗಿನ ಚಲನೆ, ಸ್ಪರ್ಶ, ಮಲಮೂತ್ರಗಳ ಹಿಡಿತ ಎಲ್ಲವೂ ಕೆಡುತ್ತವೆ. ಲೋಹದ ಕಂಬಿ, ಚರ್ಮದ ಪಟ್ಟಿ ಅಥವಾ ಅಚ್ಚೊತ್ತಿದ ಪ್ಲಾಸ್ಟಿಕ್ಕಿನಿಂದ ಮಾಡಿದ ಕ್ಯಾಲಿಪರು ಮಂಡಿ ಮಡಚದಂತೆ, ಪಾದ ಜೋಲದಂತೆ ಹಿಡಿಯುತ್ತದೆ, ಅಷ್ಟೆ. ಅದು ಸ್ನಾಯುವಿಗೆ ಬಲ ಕೊಡುವುದಿಲ್ಲ. ಎರಡೂ ಕಾಲು ಪೂರ್ಣ ಸ್ವಾಧೀನ ತಪ್ಪಿದವನು ಕ್ಯಾಲಿಪರ್ ಧರಿಸಿ ನಡೆಯುವಾಗ ನಿಜವಾಗಿ ನಡೆಯುವುವು ಅವನ ಭುಜ, ತೋಳು, ಅಂಗೈಗಳು. ಊರುಗೋಲುಗಳ ಮೇಲೆ ಇಡೀ ಮೈಯನ್ನೆತ್ತಿ ಕಾಲುಗಳನ್ನು ಮುಂದಕ್ಕೆ ತೂಗಿ ಇಡಬೇಕು. ನಾವು ನಡೆಯುವುದಕ್ಕಿಂತ ಹಲವು ಪಟ್ಟು ಶ್ರಮ ಅದಕ್ಕೆ ಬೇಕು. ವೇಗವಾದರೋ ಬಹಳ ಕಡಿಮೆ.

ಯಾರಿಗೆ ಎಷ್ಟು ಸಾಧ್ಯ ಎಂಬುದು ಪೆಟ್ಟಾದ ಮಟ್ಟವನ್ನು ಅವಲಂಬಿಸಿದೆ. ಕತ್ತಿನಲ್ಲಿ ಹುರಿ ಪೂರ್ತಿ ಕಡಿದಿದ್ದರೆ ಕ್ಯಾಲಿಪರಿನ ನಡಿಗೆ ವ್ಯವಹಾರಕ್ಕೆ ಬರುವಂಥದ್ದಲ್ಲ. ಎದೆಯ ಮಟ್ಟದಲ್ಲಾಗಿದ್ದರೆ ಸೊಂಟದವರೆಗೂ ಪಟ್ಟಿಯುಳ್ಳ ಸಾಧನ ತೊಟ್ಟು ಸಮಾಂತರ ಕಂಬಿಗಳ ನಡುವೆ ನಿಲ್ಲಬಹುದು, ಕೆಲವು ಹೆಜ್ಜೆ ಇಡಬಹುದು, ಅದು ವ್ಯಾಯಾಮ. ಎದೆಯ ಕೊನೆಯ ಅಥವಾ ಸೊಂಟದ ಮೊದಲ ಮೂಳೆಗಳ ಮಟ್ಟದವರಲ್ಲಿ ತೋಳು ಗಟ್ಟಿಯಿರುವ ಕೆಲವರು ತೊಡೆಯವರೆಗಿನ ಉದ್ದ ಕ್ಯಾಲಿಪರಿನಿಂದ ಮನೆಯೊಳಗೆ ಓಡಾಡುತ್ತಾರೆ. ಪೆಟ್ಟು ಇನ್ನೂ ಕೆಳಗಿದ್ದು ತೊಡೆಯ ಮುಂಭಾಗದ ಸ್ನಾಯು ಉಳಿದಿದ್ದರೆ, ಪಾದದ ಗಿಡ್ಡ ಕ್ಯಾಲಿಪರ್ ಸಾಕಾಗಿ ಬೀದಿಗೂ ಹೋಗಬಹುದು. ಹುರಿ ಅರೆಬರೆ ಕಡಿದವರ ವಿಷಯದಲ್ಲಿ ಇಂಥ ಲೆಕ್ಕ ನಿಲ್ಲುವುದಿಲ್ಲ. ಅವರಲ್ಲಿ ಹೆಚ್ಚಿನ ಚೇತರಿಕೆ ಮೊದಲ ವರ್ಷದೊಳಗೆ ಕಾಣಿಸುತ್ತದೆ, ಅಲ್ಲಿಯತನಕ ತೀರ್ಪು ಬೇಡ.

ಹಾಗಾದರೆ ಬರಿದೇ ನಿಲ್ಲುವುದರಿಂದ ಪ್ರಯೋಜನವಿಲ್ಲವೆ? ಇದೆ. ಕೀಲುಗಳು ಬಿಗಿಯುವುದು ಕಡಿಮೆಯಾಗುತ್ತದೆ, ಕೆಲವರಿಗೆ ಕಾಲಿನ ಸೆಳೆತ ಇಳಿಯುತ್ತದೆ, ಮಲವಿಸರ್ಜನೆ ಸುಗಮವಾಯಿತೆನ್ನುವವರೂ ಇದ್ದಾರೆ. ಹೆಂಡತಿ ಮಕ್ಕಳ ಮುಖವನ್ನು ಸಮನಾಗಿ ನೋಡಿದ ಸಮಾಧಾನವನ್ನು ಯಾವ ಅಳತೆಗೋಲೂ ಅಳೆಯದು. ನಿಂತರೆ ಮೂಳೆ ಸವೆಯುವುದಿಲ್ಲವೆಂಬ ಮಾತಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ. ಇಂಥವರ ಕಾಲಿನ ಮೂಳೆ ಟೊಳ್ಳಾಗಿರುತ್ತದೆ. ಬಿದ್ದರೆ ಸುಲಭವಾಗಿ ಮುರಿಯುತ್ತದೆ.

ಕ್ಯಾಲಿಪರಿಗೆ ಮೊದಲು ದೇಹ ಅಣಿಯಾಗಬೇಕು. ಮಲಗಿದವನ ಮಂಡಿಯ ಕೆಳಗೆ ಸದಾ ದಿಂಬಿಡುವುದು ನಮ್ಮ ತಾಯಂದಿರ ಮಮತೆ. ಆದರೆ ಆ ದಿಂಬೇ ಮಂಡಿಯನ್ನು ಬಾಗಿದಲ್ಲಿ ಬಿಗಿದು, ಮುಂದೆ ಯಾವ ಕ್ಯಾಲಿಪರೂ ಕೂರದಂತೆ ಮಾಡಬಲ್ಲುದು. ಹಾಸಿಗೆ ಹಿಡಿದ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕ್ಯಾಲಿಪರ್ ಬಂದ ಮೇಲೆ, ಬಿಚ್ಚಿದಾಗಲೆಲ್ಲ ಕಾಲಿನ ಸುತ್ತ ಕಣ್ಣಾಡಿಸಬೇಕು. ಒತ್ತಿ ಕೆಂಪಾದ ಗುರುತು ಅರ್ಧ ಗಂಟೆಯಲ್ಲಿ ಮಾಯದಿದ್ದರೆ ಅದನ್ನು ಸರಿಪಡಿಸುವವರೆಗೆ ತೊಡಲೇಬಾರದು. ನೋವೇ ತಿಳಿಯದ ಚರ್ಮದಲ್ಲಿ ಒಂದು ಪಟ್ಟಿಯ ಒತ್ತು ಹುಣ್ಣಾಗಿ, ಹುಣ್ಣು ನಂಜಾಗಿ ಪ್ರಾಣಕ್ಕೇ ಬರುವುದುಂಟು. ಎರಡನೆಯ ಮಹಾಯುದ್ಧದ ಮುನ್ನ ಇಂಥವರಲ್ಲಿ ಬಹುಮಂದಿ ಸತ್ತದ್ದು ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ವಿಭಾಗವನ್ನು ತೆರೆದ ಲುಡ್ವಿಗ್ ಗುಟ್‌ಮನ್ನರು ಮೊದಲು ಹಿಡಿದದ್ದು ಚರ್ಮ ಮತ್ತು ಮೂತ್ರಕೋಶಗಳ ಶುಶ್ರೂಷೆಯನ್ನೇ.

ನಮ್ಮ ಆಡುಮಾತಿನಲ್ಲಿಯೇ ಒಂದು ತೊಡಕಿದೆ. 'ಸ್ವಂತ ಕಾಲ ಮೇಲೆ ನಿಲ್ಲು' ಎಂಬುದು ಹಿರಿಯರ ಹಾರೈಕೆ. 'ಕೂತು ತಿನ್ನುವವನು' ಎಂಬುದು ಬೈಗುಳ. ಹೀಗಿರುವಲ್ಲಿ ಗಾಲಿಕುರ್ಚಿ ಮನೆಗೆ ಬಂದರೆ ಸೋಲು ಬಂದಂತೆ ಕಾಣುವುದು ಸಹಜ. ನಮ್ಮ ನೆರೆಯ ವೆಲ್ಲೂರಿನಲ್ಲಿ ಈ ನುಡಿಯನ್ನು ಸುಳ್ಳು ಮಾಡಿದ ವೈದ್ಯೆಯೊಬ್ಬರಿದ್ದರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿ ಜಖಂಗೊಂಡ ಡಾ. ಮೇರಿ ವರ್ಗೀಸರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ವಿದೇಶದಲ್ಲಿ ಪುನರ್ವಸತಿ ವೈದ್ಯವನ್ನು ಕಲಿತು ಬಂದು ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಆ ವಿಭಾಗವನ್ನು ಕಟ್ಟಿದರು. ಒಳರೋಗಿಗಳ ಪುನರ್ವಸತಿ ಕೇಂದ್ರ 1966ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯನ್ನು 1959ರಲ್ಲಿ ಸ್ಥಾಪಿಸಿದ ಎನ್. ಎಸ್. ಹೇಮಾ ಅವರೂ ಗಾಲಿಕುರ್ಚಿಯವರೇ. ಕೂತವರು ಮಾಡಿದ ಕಾಯಕ ಇದು.

ಕ್ಯಾಲಿಪರ್ ಪಡೆದವರಲ್ಲಿ ಅನೇಕರು ಕೆಲಕಾಲದ ಮೇಲೆ ಅದನ್ನು ಮೂಲೆಗಿಟ್ಟು ದಿನದ ಕೆಲಸಕ್ಕೆ ಗಾಲಿಕುರ್ಚಿಯನ್ನೇ ನೆಚ್ಚುತ್ತಾರೆ. ಇದನ್ನು ಸೋಮಾರಿತನವೆಂದು ಮನೆಯವರು ಗದರುವುದು ಅನ್ಯಾಯ. ಅಂಗಡಿಯ ಲೆಕ್ಕ ಬರೆಯಲು, ಮಗುವನ್ನು ಶಾಲೆಗೆ ಬಿಡಲು ತೋಳಿನಲ್ಲಿ ಬಲ ಉಳಿದಿರಬೇಕಲ್ಲವೆ? ಬೆಳಿಗ್ಗೆ ಅರ್ಧ ಗಂಟೆ ನಿಂತು, ಉಳಿದ ಹೊತ್ತು ಕುರ್ಚಿಯಲ್ಲಿ ದುಡಿಯುವವನು ಎರಡನ್ನೂ ಸರಿಯಾಗಿ ಬಳಸಿದವನು.

ಸಾಧನ ಕೊಳ್ಳುವ ಮುನ್ನ ನಿಮ್ಹಾನ್ಸ್‌ನ ಅಥವಾ ಸೇಂಟ್ ಜಾನ್ಸ್ ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ತೋರಿಸುವುದು ಒಳ್ಳೆಯದು. ಕ್ಯಾಲಿಪರನ್ನು ಆಯಾ ಕಾಲಿನ ಅಳತೆಗೇ ಮಾಡಿಸಬೇಕು, ಇನ್ನೊಬ್ಬರದು ಆಗದು. ಅರ್ಹ ಬಡವರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರಿಂದ ಇದೆ. ಅರ್ಜಿ, ಗುರುತಿನ ಚೀಟಿಗಳ ವಿಚಾರಕ್ಕೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು.

ಆಸ್ಪತ್ರೆಯಿಂದ ಕರೆತರುವ ಮುನ್ನ ಮನೆಯವರು ಒಂದು ಅಳತೆಪಟ್ಟಿ ಹಿಡಿದು ಬಚ್ಚಲ ಬಾಗಿಲಿನ ಅಗಲವನ್ನು ಅಳೆಯಲಿ. ಕುರ್ಚಿ ಅದರೊಳಗೆ ಹಿಡಿಸದಿದ್ದರೆ ಚೌಕಟ್ಟು ತೆಗೆಸಲಿ. ಹಳೆಯ ಮನೆಯ ಎತ್ತರದ ಹೊಸ್ತಿಲಿಗೆ ಎರಡೂ ಕಡೆ ಸಿಮೆಂಟಿನ ಇಳಿಜಾರು ಹಾಕಿಸಲಿ. ಕ್ಯಾಲಿಪರಿನ ಕಾಲು ಎಡವುವುದೂ ಆ ಹೊಸ್ತಿಲನ್ನೇ.